ನುಂಗುವ ಇನ್ಸುಲಿನ್ ಮಣಿ: ಲ್ಯಾಬಿನಲ್ಲಿ ಹೇಗೆ ಮಾಡುತ್ತಾರೆ?

ಇನ್ಸುಲಿನ್ನನ್ನು ಮಾತ್ರೆ ಮಾಡಿ ಕೊಡಬಾರದಾ ಅಂತ ದಿನಾ ಸೂಜಿ ಚುಚ್ಚಿಕೊಳ್ಳುವವರು ಕೇಳುತ್ತಲೇ ಇರುತ್ತಾರೆ. ತೊಂದರೆ ಏನೆಂದರೆ, ಅದೂ ಒಂದು ಪ್ರೋಟೀನೇ ಅಲ್ವಾ, 51 ಅಮೈನೋ ಆಮ್ಲ ಪೋಣಿಸಿದ ಎರಡು ಸರ. ಹೊಟ್ಟೆಗೆ ಔಷಧವೂ ಒಂದೇ, ತೊಗರಿಬೇಳೆಯೂ ಒಂದೇ, ಎರಡನ್ನೂ ಅರಗಿಸಿಬಿಡುತ್ತದೆ. ಅದಕ್ಕೇ ಪಾಲಿಮರ್, ಅಂದರೆ ಪುಟ್ಟ ಅಣುಗಳು ಸರದ ಹಾಗೆ ಕೂಡಿ ಆದ ವಸ್ತು, ಅದರೊಳಗೆ ಬಚ್ಚಿಟ್ಟು ಕಳಿಸುವ ಸಾಹಸ.

ಮೊದಲು ಸಾಮಾನು. ಕಡಲಿನ ಕಂದು ಪಾಚಿಯಿಂದ ತೆಗೆದ ಸೋಡಿಯಂ ಆಲ್ಜಿನೇಟ್, ಸೀಗಡಿ-ಏಡಿ ಚಿಪ್ಪಿನಿಂದ ಬರುವ ಕೈಟೋಸಾನ್, ಜೊತೆಗೆ ಕ್ಯಾಲ್ಸಿಯಂ ಕ್ಲೋರೈಡ್. ಎರಡೆರಡು ಪಾಲಿಮರ್ ಯಾಕೆ? ಆಲ್ಜಿನೇಟ್ ಹೊಟ್ಟೆಯ ಹುಳಿಯಲ್ಲಿ ಮುದುಡಿಕೊಂಡು ಗಟ್ಟಿಯಾಗಿ ಕೂರುತ್ತದೆ, ಕರುಳಿಗೆ ಬಂದರೆ ಉಬ್ಬಿ ಬಿಚ್ಚಿಕೊಳ್ಳುತ್ತದೆ. ಕೈಟೋಸಾನ್ ಸ್ವಭಾವ ಇದಕ್ಕೆ ಉಲ್ಟಾ, ಹುಳಿಯಲ್ಲೇ ಕರಗುತ್ತದೆ. ಹೊಟ್ಟೆಯಲ್ಲಿ ಕೈಟೋಸಾನನ್ನು ಆಲ್ಜಿನೇಟ್ ಕಾಯುತ್ತದೆ, ಕರುಳಲ್ಲಿ ಆಲ್ಜಿನೇಟ್ ಬೇಗ ಒಡೆಯದ ಹಾಗೆ ಕೈಟೋಸಾನ್ ಹಿಡಿದಿಡುತ್ತದೆ.

ಇನ್ಸುಲಿನ್ನನ್ನು ಆಲ್ಜಿನೇಟ್ ದ್ರಾವಣಕ್ಕೆ ಬೆರೆಸುತ್ತಾರೆ. ಇಲ್ಲಿ ಪಿಎಚ್, ಅಂದರೆ ಹುಳಿಯ ಅಳತೆ, ಅದರ ಮೇಲೆ ಕಣ್ಣಿಡಬೇಕು, 5.3ರ ಹತ್ತಿರ ಹೋದರೆ ಇನ್ಸುಲಿನ್ ಒಡೆದ ಹಾಲಿನ ಥರ ಬೇರೆಯಾಗಿ ಕೂರುತ್ತದೆ. ಈ ದ್ರಾವಣವನ್ನು ಸಿರಿಂಜಿನಿಂದ ಹನಿಹನಿಯಾಗಿ ಕ್ಯಾಲ್ಸಿಯಂ ಕ್ಲೋರೈಡ್ ಮತ್ತು ಕೈಟೋಸಾನ್ ಇರುವ ನೀರಿಗೆ ಬಿಡುತ್ತಾರೆ. ಬೂಂದಿ ಸೌಟಿನಿಂದ ಹಿಟ್ಟು ಎಣ್ಣೆಗೆ ಬಿದ್ದ ಹಾಗೇ, ಹನಿ ಬಿದ್ದಲ್ಲೇ ಮಣಿಯಾಗುತ್ತದೆ. ಕಾವು ಮಾತ್ರ ಬೇಡ. ಮಣಿಗಳನ್ನು ಅಲ್ಲೇ ಜಾಸ್ತಿ ಹೊತ್ತು ಬಿಟ್ಟರೆ ಒಳಗಿನ ಇನ್ಸುಲಿನ್ ನೀರಿಗೆ ಸೋರುತ್ತದೆ, ಬೇಗ ಎತ್ತಿದರೆ ಮೆತ್ತಗೆ. ಕೈ ಪಳಗಬೇಕು. ಆಮೇಲೆ ತೊಳೆದು, ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ಒಣಗಿಸುವುದು.

ಪರೀಕ್ಷೆಗೆ ಪಿಎಚ್ 1.2ರ ಆಮ್ಲದಲ್ಲಿ 2 ಗಂಟೆ, ಅಂದರೆ ನಕಲಿ ಹೊಟ್ಟೆ. ನಂತರ 6.8ರ ದ್ರಾವಣ, ಅದು ನಕಲಿ ಕರುಳು. ಮೊದಲನೆಯದರಲ್ಲಿ ಸೋರದೆ ಎರಡನೆಯದರಲ್ಲಿ ಬಿಟ್ಟುಕೊಟ್ಟರೆ ಮಣಿ ಪಾಸ್.

ನನ್ನ ಪ್ರಕಾರ ಇಲ್ಲಿವರೆಗಿನದು ಸುಲಭದ ಭಾಗ. ಕರುಳಿನ ಗೋಡೆ ದಾಟಿಸುವುದೇ ನಿಜವಾದ ತಲೆನೋವು. ಮೇಲೆ ಲೋಳೆ, ಅದರ ಕೆಳಗೆ ಒಂದಕ್ಕೊಂದು ಬಿಗಿಯಾಗಿ ಹೊಲಿದ ಹಾಗಿರುವ ಜೀವಕೋಶಗಳು. ಧನ ವಿದ್ಯುದಂಶ ಇರುವ ಕೈಟೋಸಾನ್ ಲೋಳೆಗೆ ಅಂಟಿ ಈ ಹೊಲಿಗೆಯನ್ನು ಸ್ವಲ್ಪ ಹೊತ್ತು ಸಡಿಲ ಮಾಡುತ್ತದೆ, ಆದರೆ ಹುಳಿ ಕಡಿಮೆಯಾದಂತೆ ಆ ವಿದ್ಯುದಂಶವೇ ಇಳಿದುಹೋಗುತ್ತದೆ, ಅದಕ್ಕೇ ಟ್ರೈಮಿಥೈಲ್ ಕೈಟೋಸಾನ್ ಅಂತ ಬದಲಿಸಿದ ರೂಪವನ್ನೂ ಬಳಸಿ ನೋಡುತ್ತಾರೆ. ಇನ್ನು ಕೆಲವರು ಮಣಿಯ ಬದಲು ಪಿಎಲ್‌ಜಿಎ ಅನ್ನುವ ಪಾಲಿಮರ್‌ನ ನ್ಯಾನೋ ಕಣಗಳನ್ನು ಮಾಡುತ್ತಾರೆ. ತಾನಾಗಿ ಕರಗುವ ಹೊಲಿಗೆ ದಾರವನ್ನೂ ಇದೇ ಪಾಲಿಮರ್‌ನಿಂದ ಮಾಡುತ್ತಾರೆ. ಅಷ್ಟು ಚಿಕ್ಕ ಕಣ ಗೋಡೆ ದಾಟಿ ಮೈಯೊಳಗೆ ಸೇರಿದರೂ ಅಲ್ಲೇ ಉಳಿಯಬಾರದಲ್ಲ.

ಬೆಂಗಳೂರಿನ ಔಷಧ ಕಂಪನಿ ಬಯೋಕಾನ್ ಹಿಡಿದ ದಾರಿ ಬೇರೆ. ಇನ್ಸುಲಿನ್ ಅಣುವಿಗೇ ಪುಟ್ಟ ಪಾಲಿಮರ್ ಬಾಲ ಅಂಟಿಸಿ ಟ್ರೆಗೊಪಿಲ್ ಅನ್ನುವ ಮಾತ್ರೆ ಮಾಡಿತು, ಆದರೆ ಭಾರತದಲ್ಲಿ ರೋಗಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆಯಲ್ಲಿ ಅದು ಮುಖ್ಯ ಗುರಿ ಮುಟ್ಟಲಿಲ್ಲ.

ಲ್ಯಾಬಿನ ಮಣಿಗಳಿಗೆ ಕೊನೆಯ ಪರೀಕ್ಷೆ ಇಲಿಗಳ ಮೇಲೆ. ಸೂಜಿಯಲ್ಲಿ ಕೆಲವೇ ಯೂನಿಟ್ ಸಾಕಾಗುವ ಕಡೆ, ಬಾಯಿಂದ ಕೊಡುವಾಗ ಕಿಲೋ ತೂಕಕ್ಕೆ 50 ಯೂನಿಟ್, ಕೆಲವೊಮ್ಮೆ ಇನ್ನೂ ಜಾಸ್ತಿ ಸುರಿಯುತ್ತಾರೆ. ಅದರಲ್ಲಿ ರಕ್ತಕ್ಕೆ ತಲುಪುವುದು ಚೂರೇ ಚೂರು. ಊಟ ಮಾಡಿದ್ದರೆ ಒಂದು ಲೆಕ್ಕ, ಹಸಿದಿದ್ದರೆ ಇನ್ನೊಂದು.