ಒಂದನ್ನೊಂದು ನೆಚ್ಚಿಕೊಂಡ ಸ್ಟ್ಯಾಟಿಕ್ ಲೈಬ್ರರಿಗಳ ಲಿಂಕಿಂಗ್: ನನ್ನ ಅನುಭವ

ನಾನು ನೋಡಿಕೊಳ್ಳುವ ಸಿ ಪ್ರೋಗ್ರಾಮಿನಲ್ಲಿ ಪಾರ್ಸರ್ ಮತ್ತು ಲಾಗ್ ಎಂಬ ಎರಡು ಸ್ಟ್ಯಾಟಿಕ್ ಲೈಬ್ರರಿಗಳಿವೆ, ಅಂದರೆ ಕಂಪೈಲ್ ಆದ ಆಬ್ಜೆಕ್ಟ್ ಫೈಲ್‌ಗಳನ್ನು ಒಟ್ಟುಗೂಡಿಸಿದ ಆರ್ಕೈವ್‌ಗಳು. ದೋಷಗಳನ್ನು ದಾಖಲಿಸಲು ಪಾರ್ಸರ್ ಲಾಗ್‌ನ ಫಂಕ್ಷನ್‌ಗಳನ್ನು ಕರೆಯುತ್ತಿತ್ತು. ತನ್ನ ಸೆಟ್ಟಿಂಗ್ಸ್ ಫೈಲನ್ನು ಓದಲು ಲಾಗ್ ಪಾರ್ಸರ್‌ನ ಒಂದು ಫಂಕ್ಷನ್ ಕರೆಯುತ್ತಿತ್ತು. ಮುಖ್ಯ ಪ್ರೋಗ್ರಾಮು ಸರಾಗವಾಗಿ ಲಿಂಕ್ ಆಗುತ್ತಿದ್ದರೂ, ಅವೇ ಲೈಬ್ರರಿಗಳನ್ನು ಅದೇ ಕ್ರಮದಲ್ಲಿ ಕೊಟ್ಟ ಚಿಕ್ಕದೊಂದು ಪರೀಕ್ಷಾ ಪ್ರೋಗ್ರಾಮು ‘ಅನ್‌ಡಿಫೈನ್ಡ್ ರೆಫರೆನ್ಸ್’ (ಕರೆದ ಫಂಕ್ಷನ್ ಸಿಗಲಿಲ್ಲ) ಎಂದು ನಿಲ್ಲುತ್ತಿತ್ತು.

ಇದಕ್ಕೆ ಕಾರಣ, ಆಬ್ಜೆಕ್ಟ್ ಫೈಲ್‌ಗಳನ್ನು ಒಂದು ಪ್ರೋಗ್ರಾಮಾಗಿ ಜೋಡಿಸುವ ಗ್ನೂ ಲಿಂಕರ್ ಆರ್ಕೈವ್‌ಗಳನ್ನು ಓದುವ ರೀತಿಯಲ್ಲಿದೆ. ಅದು ಕಮಾಂಡ್ ಸಾಲಿನಲ್ಲಿ ಎಡದಿಂದ ಬಲಕ್ಕೆ ಸಾಗುತ್ತ, ಆ ಹೊತ್ತಿಗೆ ಬಾಕಿ ಉಳಿದಿರುವ ಸಿಂಬಲ್‌ಗಳನ್ನು (ಫಂಕ್ಷನ್ ಮುಂತಾದವುಗಳ ಹೆಸರುಗಳನ್ನು) ಒದಗಿಸುವ ಆಬ್ಜೆಕ್ಟ್ ಫೈಲ್‌ಗಳನ್ನು ಮಾತ್ರ ಪ್ರತಿ ಆರ್ಕೈವ್‌ನಿಂದ ಎತ್ತಿಕೊಳ್ಳುತ್ತದೆ. ಒಂದೇ ಆರ್ಕೈವ್‌ನೊಳಗೆ ಬೇಕಾದಷ್ಟು ಸಲ ಹುಡುಕಿದರೂ, ದಾಟಿ ಬಂದ ಆರ್ಕೈವ್‌ಗೆ ಮರಳುವುದಿಲ್ಲ. ಮುಖ್ಯ ಪ್ರೋಗ್ರಾಮು ಸೆಟ್ಟಿಂಗ್ಸ್ ಓದುವ ಫಂಕ್ಷನ್ನನ್ನು ತಾನೇ ಕರೆಯುತ್ತಿದ್ದುದರಿಂದ ಅದರ ಆಬ್ಜೆಕ್ಟ್ ಫೈಲು ಪಾರ್ಸರ್‌ನಿಂದ ಮೊದಲೇ ಹೊರಬಂದಿರುತ್ತಿತ್ತು. ಪರೀಕ್ಷಾ ಪ್ರೋಗ್ರಾಮು ಅದನ್ನು ಕರೆಯುತ್ತಿರಲಿಲ್ಲ. ಲಾಗ್ ಅದನ್ನು ಕೇಳುವ ವೇಳೆಗೆ ಪಾರ್ಸರ್‌ನ ಸರದಿ ಮುಗಿದಿರುತ್ತಿತ್ತು. ಆದ್ದರಿಂದ ಒಂದು ಪ್ರೋಗ್ರಾಮು ಲಿಂಕ್ ಆಯಿತೆಂದ ಮಾತ್ರಕ್ಕೆ ಲೈಬ್ರರಿಗಳ ನಡುವೆ ಒಂದನ್ನೊಂದು ನೆಚ್ಚುವ ಚಕ್ರವಿಲ್ಲವೆಂದು ನಂಬುವಂತಿಲ್ಲ.

ಪಾರ್ಸರನ್ನು ಲಾಗ್‌ನ ನಂತರ ಕಮಾಂಡ್ ಸಾಲಿನಲ್ಲಿ ಮತ್ತೊಮ್ಮೆ ಬರೆದಾಗ ಲಿಂಕ್ ಆಯಿತು. ಆದರೆ ಸರಪಳಿ ಉದ್ದವಾದರೆ ಇನ್ನೆಷ್ಟು ಸಲ ಬರೆಯಬೇಕೆಂದು ಮೊದಲೇ ಹೇಳಲಾಗದು. ಎರಡನ್ನೂ ಸ್ಟಾರ್ಟ್-ಗ್ರೂಪ್ ಮತ್ತು ಎಂಡ್-ಗ್ರೂಪ್ ಆಯ್ಕೆಗಳ ನಡುವೆ ಇರಿಸಿದರೆ, ಹೊಸ ಬಾಕಿ ಸಿಂಬಲ್‌ಗಳು ಹುಟ್ಟದಾಗುವವರೆಗೂ ಲಿಂಕರ್ ಆ ಗುಂಪನ್ನು ಮತ್ತೆ ಮತ್ತೆ ಹುಡುಕುತ್ತದೆ. ಇದರಿಂದ ಲಿಂಕ್ ಸಮಯ ಹೆಚ್ಚುತ್ತದೆ. ಆದರೂ ಮೂಲ ಕೋಡ್ ಕೈಯಲ್ಲಿಲ್ಲದ ಲೈಬ್ರರಿಗಳಿಗೆ ಇದೇ ಸರಿಯಾದ ದಾರಿ. ಸ್ಟ್ಯಾಟಿಕ್ ಆಗಿ ಲಿಂಕ್ ಮಾಡುವಾಗ ಜಿಸಿಸಿ ಕಂಪೈಲರ್ ಕೂಡ ಸಿ ಲೈಬ್ರರಿಯನ್ನೂ ತನ್ನ ಸಹಾಯಕ ಲೈಬ್ರರಿಯನ್ನೂ ಹೀಗೆಯೇ ಗುಂಪು ಮಾಡಿ ಕೊಡುತ್ತದೆ. ಹೋಲ್-ಆರ್ಕೈವ್ ಆಯ್ಕೆಯನ್ನು ನಾನು ಬಳಸಲಿಲ್ಲ, ಏಕೆಂದರೆ ಅದು ಬೇಡದ ಆಬ್ಜೆಕ್ಟ್ ಫೈಲ್‌ಗಳನ್ನೂ ಎಳೆದು ತರುತ್ತದೆ.

ನಮ್ಮ ಎರಡೂ ಲೈಬ್ರರಿಗಳ ಮೂಲ ಕೋಡ್ ಕೈಯಲ್ಲೇ ಇದ್ದುದರಿಂದ ಗುಂಪಿನಲ್ಲಿ ನಿಲ್ಲಿಸಿಬಿಡಲು ನನಗೆ ಮನಸ್ಸಾಗಲಿಲ್ಲ. ಲಿಂಕರ್‌ನಿಂದ ಮ್ಯಾಪ್ ಫೈಲ್ ಬರೆಸಿದೆ. ಯಾವ ಆಬ್ಜೆಕ್ಟ್ ಫೈಲು ಯಾರ ಯಾವ ಸಿಂಬಲ್‌ಗಾಗಿ ಒಳಬಂದಿತೆಂಬ ಪಟ್ಟಿ ಅದರ ಆರಂಭದಲ್ಲೇ ಇರುತ್ತದೆ. ಸಿಂಬಲ್‌ಗಳನ್ನು ಪಟ್ಟಿ ಮಾಡುವ ಎನ್‌ಎಂ ಉಪಕರಣದಲ್ಲಿ ಲಾಗ್‌ನ ‘ಯು’ (ಹೊರಗಿನಿಂದ ಬೇಕಾದ) ಗುರುತಿನ ಸಿಂಬಲ್‌ಗಳನ್ನು ಪಾರ್ಸರ್‌ನ ‘ಟಿ’ (ತನ್ನಲ್ಲೇ ಇರುವ ಫಂಕ್ಷನ್) ಗುರುತಿನವುಗಳೊಡನೆ ಹೋಲಿಸಿದಾಗ, ಹಿಂದಕ್ಕೆ ಹೋಗುವ ಕೊಂಡಿ ಆ ಒಂದೇ ಫಂಕ್ಷನ್ ಎಂಬುದು ಖಚಿತವಾಯಿತು. ಲಾಗನ್ನು ಕರೆಯುವ ಪ್ರೋಗ್ರಾಮೇ ಸೆಟ್ಟಿಂಗ್ಸ್ ಫೈಲನ್ನು ಓದಿ, ಮೌಲ್ಯಗಳನ್ನು ಒಂದು ಸ್ಟ್ರಕ್ಟ್‌ನಲ್ಲಿ ತುಂಬಿ ಲಾಗ್‌ಗೆ ಕೊಡುವಂತೆ ಬದಲಿಸಿದೆ. ದಾಖಲೆ ಬರೆಯುವ ಲೈಬ್ರರಿಗೆ ಫೈಲ್ ರಚನೆಯ ತಿಳಿವಳಿಕೆ ಇರಬಾರದೆಂಬುದು ನನ್ನ ದೃಢ ಅಭಿಪ್ರಾಯ.

ಎಲ್‌ಎಲ್‌ಡಿ ಎಂಬ ಬೇರೆ ಲಿಂಕರ್ ಬಳಸುವವರು ಇನ್ನೊಂದನ್ನು ಗಮನಿಸಬೇಕು. ಅದು ದಾಟಿದ ಆರ್ಕೈವ್‌ಗಳ ಸಿಂಬಲ್‌ಗಳನ್ನೂ ನೆನಪಿಟ್ಟುಕೊಳ್ಳುವುದರಿಂದ ಇಂಥ ಚಕ್ರ ದೋಷವಾಗಿ ಕಾಣಿಸಿಕೊಳ್ಳುವುದಿಲ್ಲ. ಹೀಗಾಗಿ ಎಲ್‌ಎಲ್‌ಡಿ ಬಳಸುವ ಬಿಲ್ಡ್‌ನಲ್ಲಿ, ಹೀಗೆ ಹಿಂದಿನ ಆರ್ಕೈವ್‌ಗೆ ಮರಳಿದಾಗ ಎಚ್ಚರಿಸುವ ವಾರ್ನ್-ಬ್ಯಾಕ್‌ರೆಫ್ಸ್ ಆಯ್ಕೆಯನ್ನು ಸೇರಿಸಿ, ಎಚ್ಚರಿಕೆಗಳನ್ನು ದೋಷಗಳೆಂದೇ ಪರಿಗಣಿಸುವಂತೆ ಮಾಡಿದ್ದೇನೆ.