ಕಾಡಿನೊಳಗಿನ ಗಾಂಜಾ ತೋಟ: ಪತ್ತೆಯಿಂದ ಪೂರ್ಣ ತೆರವಿನವರೆಗೆ

ಕ್ಯಾಲಿಫೋರ್ನಿಯಾದ ಮತದಾರರು 2016ರ ನವೆಂಬರಿನಲ್ಲಿ 64ನೇ ಪ್ರಸ್ತಾವವನ್ನು ಒಪ್ಪಿದ ಮೇಲೆ ಆ ರಾಜ್ಯದಲ್ಲಿ 21 ವರ್ಷ ತುಂಬಿದವರು ಮನೆಯಲ್ಲಿ ಆರು ಗಾಂಜಾ ಗಿಡಗಳನ್ನು ಬೆಳೆಸಿಕೊಳ್ಳಬಹುದು. ಆದರೆ ಅದೇ ರಾಜ್ಯದ ರಾಷ್ಟ್ರೀಯ ಅರಣ್ಯಗಳೂ ರಾಷ್ಟ್ರೀಯ ಉದ್ಯಾನಗಳೂ ಅಮೆರಿಕದ ಒಕ್ಕೂಟ ಸರ್ಕಾರದ ನೆಲವಾದ್ದರಿಂದ ಅಲ್ಲಿ ಒಂದೇ ಗಿಡ ನೆಟ್ಟರೂ ಅದು ಅಪರಾಧ. ಗಿಡಗಳ ಸಂಖ್ಯೆ ನೂರು ಮುಟ್ಟಿದರೆ ಕನಿಷ್ಠ 5 ವರ್ಷ, ಸಾವಿರ ಮುಟ್ಟಿದರೆ ಕನಿಷ್ಠ 10 ವರ್ಷ ಸೆರೆವಾಸವನ್ನು ಒಕ್ಕೂಟದ ಕಾನೂನು ವಿಧಿಸುತ್ತದೆ. ಶಿಕ್ಷೆ ಇಷ್ಟು ಕಠಿಣವಾಗಿದ್ದರೂ ಕಳ್ಳ ತೋಟಗಳು ನಿಂತಿಲ್ಲ. 1983ರಲ್ಲಿ ಆರಂಭವಾದ ರಾಜ್ಯದ ನಿರ್ಮೂಲನ ಕಾರ್ಯಾಚರಣೆಯಲ್ಲಿ ಬಹುಕಾಲ ಎಷ್ಟು ಗಿಡ ಕಿತ್ತೆವು ಎಂಬ ಲೆಕ್ಕವೇ ಎದ್ದು ಕಾಣುತ್ತಿತ್ತು. ಆ ಲೆಕ್ಕ ಮೋಸದ್ದು. ಗಿಡವನ್ನಷ್ಟೇ ಕಿತ್ತು, ಕೊಳವೆ, ಗೊಬ್ಬರ, ವಿಷದ ಬಾಟಲಿಗಳನ್ನು ಅಲ್ಲೇ ಬಿಟ್ಟು ಬಂದರೆ ಮುಂದಿನ ವರ್ಷದ ಬೆಳೆಗಾರನ ಅರ್ಧ ಕೆಲಸವನ್ನು ನಾವೇ ಮುಗಿಸಿಕೊಟ್ಟ ಹಾಗಾಗುತ್ತದೆ.

ಹುಡುಕಾಟವನ್ನು ನೀರಿನಿಂದ ಆರಂಭಿಸಬೇಕು. ಅಲ್ಲಿನ ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಮಳೆಯಿಲ್ಲ. ವಸಂತದಲ್ಲಿ ನೆಟ್ಟ ಸಸಿ ಸೆಪ್ಟೆಂಬರ್ ಅಥವಾ ಅಕ್ಟೋಬರಿನ ಕೊಯ್ಲಿನವರೆಗೆ ಬದುಕಬೇಕಾದರೆ ಬತ್ತದ ಒರತೆಯೊಂದು ಬೇಕೇ ಬೇಕು. ಆದ್ದರಿಂದ ಭೂಪಟದಲ್ಲಿ ಮೊದಲು ಬತ್ತದ ಒರತೆ, ತೊರೆಗಳನ್ನು ಗುರುತಿಸಿ, ಪಂಪಿನ ಹಂಗಿಲ್ಲದೆ ಕೊಳವೆಯ ನೀರು ತಾನಾಗಿ ಇಳಿಯಬಲ್ಲ ಇಳಿಜಾರುಗಳಿಗೆ ಗೆರೆ ಹಾಕಿಕೊಳ್ಳಬೇಕು. ಅವುಗಳಲ್ಲಿ ಬಿಸಿಲು ಚೆನ್ನಾಗಿ ಬೀಳುವ, ಪೊದೆ ದಟ್ಟವಾಗಿರುವ, ಚಾರಣದ ಹಾದಿಗೆ ದೂರವಿದ್ದರೂ ರಾತ್ರಿ ಹೊತ್ತು ಹೊರೆ ಹೊತ್ತು ತಲುಪಬಹುದಾದ ಜಾಗಗಳನ್ನು ಮೊದಲು ನೋಡಬೇಕು. ಹಿಂದೊಮ್ಮೆ ತೋಟ ಸಿಕ್ಕಿದ್ದ ತಾಣಗಳನ್ನು ಅವಕ್ಕಿಂತಲೂ ಮೊದಲು. ಒಂದು ತೊರೆಯ ಮೇಲ್ಭಾಗದಲ್ಲಿ ನೀರು ಹರಿಯುತ್ತಿದ್ದು ಕೆಳಭಾಗ ಕಾರಣವಿಲ್ಲದೆ ಒಣಗಿದ್ದರೆ, ನಡುವೆ ಎಲ್ಲೋ ಟಾರ್ಪಾಲಿನ ಒಡ್ಡು ಬಿದ್ದಿರಬಹುದು. ಆಗಸ್ಟಿನ ಹೊತ್ತಿಗೆ ಸುತ್ತಲಿನ ಕಾಡು ಕಂದಿರುವುದರಿಂದ ನೀರುಂಡ ಗಾಂಜಾದ ಹಸಿರು ವಿಮಾನದಿಂದ ಎದ್ದು ಕಾಣುತ್ತದೆ. ಬೆಳೆಗಾರರೂ ಇದನ್ನು ಬಲ್ಲರು; ಮರದ ನೆರಳಿನಲ್ಲಿ ಗಿಡಗಳನ್ನು ಚದುರಿಸಿ ನೆಟ್ಟು, ಮೇಲಿನ ಕೊಂಬೆಗಳನ್ನು ಬಿಸಿಲಿಗೆ ಬೇಕಾದಷ್ಟೇ ಸವರುತ್ತಾರೆ. ಹೀಗಾಗಿ ಮೇಲಿನಿಂದ ಏನೂ ಕಾಣಲಿಲ್ಲವೆಂದು ಕಣಿವೆಯೊಂದನ್ನು ಪಟ್ಟಿಯಿಂದ ತೆಗೆದುಹಾಕಬಾರದು.

ಚಾರಣಿಗರು, ಬೇಟೆಗಾರರು, ಮೀನು ಹಿಡಿಯುವವರು ಕೊಡುವ ಸುಳಿವಿಗೆ ಬೆಲೆಯಿದೆ, ಆದರೆ ಅವರು ಮಾಡಬೇಕಾದದ್ದು ಬಹಳ ಕಡಿಮೆ. ಮನೆ, ದೊಡ್ಡಿ ಏನೂ ಇಲ್ಲದ ಕಾಡಿನಲ್ಲಿ ಕಪ್ಪು ಪ್ಲಾಸ್ಟಿಕ್ ಕೊಳವೆ, ಖಾಲಿ ಗೊಬ್ಬರದ ಚೀಲ, ಮೆಟ್ಟಿಲುಮೆಟ್ಟಿಲಾಗಿ ಅಗೆದ ಇಳಿಜಾರು ಅಥವಾ ಅಡುಗೆಯ ಕಸ ಕಂಡರೆ ಅಲ್ಲಿಂದಲೇ, ಬಂದ ದಾರಿಯಲ್ಲೇ, ಸದ್ದಿಲ್ಲದೆ ಹಿಂತಿರುಗಬೇಕು. ಕಾವಲಿಗಿರುವವರ ಬಳಿ ಬಂದೂಕು ಇರುವುದುಂಟು. ಅವರನ್ನು ಮಾತಾಡಿಸುವ, ಚಿತ್ರ ತೆಗೆಯಲು ಇನ್ನೊಂದಿಷ್ಟು ಒಳಗೆ ಹೋಗುವ ಸಾಹಸ ಬೇಡ. ಬಾಟಲಿಗಳನ್ನು ಮುಟ್ಟಲೇಬಾರದು. ಸುರಕ್ಷಿತ ಜಾಗ ತಲುಪಿದ ಬಳಿಕ ಸ್ಥಳದ ಗುರುತು, ಹೊತ್ತು, ಕಂಡ ವಾಹನ, ಮನುಷ್ಯರ ವಿವರಗಳನ್ನು ಬರೆದುಕೊಂಡು ಕೌಂಟಿಯ (ಅಲ್ಲಿನ ಜಿಲ್ಲೆಯ) ಪೊಲೀಸ್ ಮುಖ್ಯಸ್ಥನಾದ ಷೆರಿಫನ ಕಚೇರಿಗೋ ಅರಣ್ಯ ಸೇವೆಯ ಕಾನೂನು ಜಾರಿ ವಿಭಾಗಕ್ಕೋ ತಿಳಿಸಬೇಕು. ಜಾಗವನ್ನು ಸಾಮಾಜಿಕ ಜಾಲತಾಣದಲ್ಲಿ ಹಾಕಿದರೆ ಕಳ್ಳರಿಗೆ ಮುನ್ಸೂಚನೆ ಕೊಟ್ಟಂತಾಗುತ್ತದೆ.

ದಾಳಿಯ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ, ಅದು ತರಬೇತಿ ಪಡೆದ ಸಶಸ್ತ್ರ ಅಧಿಕಾರಿಗಳ ಕೆಲಸ. ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು: ಗಿಡ ಸಿಕ್ಕ ದಿನವೇ ಕಿತ್ತು ಹಾಕುವ ಆತುರ ಮೊಕದ್ದಮೆಯನ್ನು ಕೆಡಿಸುತ್ತದೆ. ಶಿಬಿರದಲ್ಲಿ ತಿಂಗಳುಗಟ್ಟಲೆ ಉಳಿದು ಗಿಡ ನೋಡಿಕೊಳ್ಳುವವರು ಸಾಮಾನ್ಯವಾಗಿ ಕೂಲಿಯವರು. ಅವರಲ್ಲಿ ಸಾಲಕ್ಕೋ ಬೆದರಿಕೆಗೋ ಸಿಕ್ಕಿ ಬಂದವರೂ ಇರಬಹುದಾದ್ದರಿಂದ ವಿಚಾರಣೆಯಲ್ಲಿ ಅದನ್ನೂ ಕೇಳಬೇಕು. ಹಣ ಹೂಡಿದವನನ್ನು ತಲುಪಬೇಕಾದರೆ ಗುಪ್ತ ಕ್ಯಾಮೆರಾ ಇಟ್ಟು, ಸಾಮಾನು ಇಳಿಸಿಹೋಗುವ ವಾಹನ, ಅಂಗಡಿಯ ರಸೀದಿ, ಮೊಬೈಲು ಇವುಗಳ ಜಾಡು ಹಿಡಿಯುವ ತಾಳ್ಮೆ ಬೇಕಾಗುತ್ತದೆ.

ಇನ್ನು ವಿಷ. ಗಾಂಜಾಕ್ಕಿಂತ ಹೆಚ್ಚು ಕಾಲ ಕಾಡನ್ನು ಕಾಡುವುದು ಇದೇ. ಎಳೆಗಿಡವನ್ನೂ ಕೊಳವೆಯನ್ನೂ ಕಡಿಯುವ ಇಲಿಗಳಿಗಾಗಿ ಬ್ರೋಡಿಫಕೂಮ್‌ನಂಥ ಇಲಿಪಾಷಾಣವನ್ನು ತೋಟದ ಸುತ್ತ ಚೆಲ್ಲುತ್ತಾರೆ. ಅದು ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ; ಇಲಿ ತಕ್ಷಣ ಸಾಯದೆ ಕೆಲವು ದಿನ ನಿತ್ರಾಣವಾಗಿ ಓಡಾಡುತ್ತದೆ, ಅದನ್ನು ಹಿಡಿದು ತಿಂದ ಪ್ರಾಣಿಯ ಒಡಲಿಗೂ ವಿಷ ಸೇರುತ್ತದೆ. ನೀರುನಾಯಿಯ ಕುಟುಂಬಕ್ಕೆ ಸೇರಿದ ಫಿಶರ್ ಎಂಬ ಕಾಡುಪ್ರಾಣಿಯ ಕುರಿತು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪರೀಕ್ಷಿಸಿದ 58 ಕಳೇಬರಗಳ ಪೈಕಿ 46ರಲ್ಲಿ, ಎಂದರೆ ಶೇ 79ರಲ್ಲಿ, ಇಂಥ ಪಾಷಾಣದ ಅಂಶ ಕಂಡುಬಂದಿತ್ತು. ಇದಕ್ಕಿಂತ ಭೀಕರವಾದದ್ದು ಕಾರ್ಬೊಫ್ಯೂರಾನ್ ಎಂಬ ಕೀಟನಾಶಕ. ಆಹಾರ ಬೆಳೆಗಳ ಮೇಲೆ ಅದರ ಬಳಕೆಗಿದ್ದ ಅವಕಾಶವನ್ನು ಅಮೆರಿಕ 2009ರಲ್ಲೇ ಹಿಂತೆಗೆದುಕೊಂಡಿದ್ದರೂ ಕಳ್ಳ ತೋಟಗಳಲ್ಲಿ ಅದು ಸಿಗುತ್ತಲೇ ಬಂದಿದೆ, ಅದೂ ಬಹುಮಟ್ಟಿಗೆ ಹೆಸರುಪಟ್ಟಿಯಿಲ್ಲದ ತಂಪುಪಾನೀಯದ ಬಾಟಲಿಗಳಲ್ಲಿ.

ಆದ್ದರಿಂದ ತಾಣಕ್ಕೆ ಕಾಲಿಡುವ ತಂಡ ಪ್ರತಿಯೊಂದು ಬಾಟಲಿಯನ್ನೂ ಸಿಂಪಡಣೆಯ ಡಬ್ಬಿಯನ್ನೂ ಗಿಡದ ಎಲೆಯನ್ನೂ ವಿಷಪೂರಿತವೆಂದೇ ಭಾವಿಸಬೇಕು. ನೈಟ್ರೈಲ್ ಕೈಗವಸು, ಮೈಮುಚ್ಚುವ ಉಡುಪು, ಉಸಿರುಕವಚ ಇಲ್ಲದೆ ಯಾರೂ ಗಿಡ ಎಳೆಯಕೂಡದು. ಬಾಟಲಿಯ ಮುಚ್ಚಳ ತೆಗೆದು ಮೂಸಿ ನೋಡುವುದಂತೂ ಆತ್ಮಹತ್ಯೆಗೆ ಸಮ. ಜೊಲ್ಲು, ಕಣ್ಣೀರು ಸುರಿಯುವುದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗುವುದು, ಮಾಂಸಖಂಡಗಳು ಅದುರುವುದು ಕಾರ್ಬೊಫ್ಯೂರಾನ್ ಮೈಗೇರಿದ ಲಕ್ಷಣಗಳಾದ್ದರಿಂದ, ಅದಕ್ಕೆ ಪ್ರತಿಮದ್ದಾದ ಅಟ್ರೋಪಿನ್ ಚುಚ್ಚುಮದ್ದನ್ನು ಕೊಡಬಲ್ಲ ವೈದ್ಯಕೀಯ ಸಹಾಯಕ ತಂಡದಲ್ಲಿರಬೇಕು. ಪೊಲೀಸ್ ನಾಯಿಗಳು ನೆಲ ಮೂಸುತ್ತವೆ, ಪಾದ ನೆಕ್ಕುತ್ತವೆ. ಶಿಬಿರದ ಹತ್ತಿರ ಅವುಗಳನ್ನು ಸಡಿಲ ಬಿಡಬಾರದು. ಕಿತ್ತ ಗಿಡಗಳನ್ನು ಅಲ್ಲೇ ಸುಡಬಾರದು: ಹೊಗೆಯಲ್ಲಿ ವಿಷವಿರುತ್ತದೆ, ಸುತ್ತಲೂ ಒಣಕಾಡು ಇರುತ್ತದೆ. 2009ರ ಆಗಸ್ಟಿನಲ್ಲಿ ಲಾಸ್ ಪಾದ್ರೆಸ್ ರಾಷ್ಟ್ರೀಯ ಅರಣ್ಯದಲ್ಲಿ ಸುಮಾರು 89,000 ಎಕರೆಯನ್ನು ಸುಟ್ಟ ಲಾ ಬ್ರೆಯಾ ಕಾಳ್ಗಿಚ್ಚು ಇಂಥದೇ ಗಾಂಜಾ ಶಿಬಿರವೊಂದರ ಅಡುಗೆ ಒಲೆಯಿಂದ ಹೊತ್ತಿಕೊಂಡದ್ದು. ದಾಳಿಯ ಗಡಿಬಿಡಿಯಲ್ಲಿ ಯಾರೂ ನೋಡದೆ ಬಿಟ್ಟ ಒಲೆಯನ್ನು ಮೊದಲು ಆರಿಸಬೇಕೆಂಬ ನಿಯಮಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಗಿಡ ಹೋದ ಮೇಲಿನ ಕೆಲಸವೇ ನಿಜವಾದ ಕೆಲಸ, ದುರದೃಷ್ಟವಶಾತ್ ಹಣವೂ ಉತ್ಸಾಹವೂ ಆಗಲೇ ತೀರಿರುತ್ತವೆ. ಒಂದು ಗಿಡಕ್ಕೆ ದಿನಕ್ಕೆ ಸುಮಾರು 22 ಲೀಟರ್ ನೀರು ಎಂಬ, ಸಂಶೋಧಕರು ಬಳಸಿರುವ ಅಂದಾಜನ್ನು ಹಿಡಿದರೆ ಸಾವಿರ ಗಿಡಗಳ ತೋಟ ದಿನಕ್ಕೆ 22,000 ಲೀಟರನ್ನು ತೊರೆಯಿಂದ ಕಸಿಯುತ್ತದೆ. ಗಿಡ ಕಿತ್ತ ಮೇಲೂ ಒರತೆಯ ಬಾಯಲ್ಲಿ ಕೊಳವೆ ಉಳಿದರೆ ನೀರು ಹಾಗೆಯೇ ದಾರಿ ತಪ್ಪಿ ಹರಿಯುತ್ತಿರುತ್ತದೆ. ಕೊಳವೆಯನ್ನು ಅಲ್ಲಲ್ಲಿ ಕತ್ತರಿಸಿ ಬಂದರೆ ಸಾಲದು, ಜೋಡಿಸುವುದು ಸುಲಭ. ತೋಟದಿಂದ ಒರತೆಯವರೆಗೆ ಅದರ ಜಾಡು ಹಿಡಿದು, ಪೂರ್ತಿ ಸುತ್ತಿ, ಒಡ್ಡನ್ನು ಕಿತ್ತು, ನೀರು ಹಳೆಯ ಹಳ್ಳಕ್ಕೆ ಇಳಿಯುವುದನ್ನು ಕಣ್ಣಾರೆ ಕಂಡು ಬರಬೇಕು. ಕೊಳವೆ, ಗೊಬ್ಬರ, ಕಸವನ್ನು ಮೂಟೆ ಕಟ್ಟಿ ಬಲೆಯಲ್ಲಿ ಹೆಲಿಕಾಪ್ಟರಿನಿಂದ ಎತ್ತಿಸುವುದು ರೂಢಿ. ಸ್ವಯಂಸೇವಕರು ಈ ಹಂತದಲ್ಲಿ ಕೈಜೋಡಿಸಬಹುದು, ಆದರೆ ವಿಷತಜ್ಞರು ಬಾಟಲಿಗಳನ್ನೂ ಕಲುಷಿತ ಮಣ್ಣನ್ನೂ ಗುರುತಿಸಿ ಬೇರ್ಪಡಿಸಿದ ಮೇಲಷ್ಟೇ. ಹಂಬೋಲ್ಟ್ ಕೌಂಟಿಯ ಇಂಟೆಗ್ರಲ್ ಇಕಾಲಜಿ ರಿಸರ್ಚ್ ಸೆಂಟರ್ ಎಂಬ ಲಾಭರಹಿತ ಸಂಸ್ಥೆ ಅಧಿಕಾರಿಗಳ ಜೊತೆಗೂಡಿ ವರ್ಷಗಳಿಂದ ಇಂಥ ತಾಣಗಳನ್ನು ಅಧ್ಯಯನ ಮಾಡಿ ಶುಚಿಗೊಳಿಸುತ್ತಿದೆ.

ಎತ್ತಿದ ಪ್ರತಿಯೊಂದು ವಸ್ತುವಿನ ತೂಕ, ಕೊಳವೆಯ ಉದ್ದ, ಕಡಿದ ಮರಗಳು, ಸತ್ತ ಪ್ರಾಣಿಗಳು ಎಲ್ಲವನ್ನೂ ದಾಖಲಿಸಬೇಕು. ಇದು ಕಾಗದದ ಕೆಲಸವೆಂದು ಕಡೆಗಣಿಸುವವರೇ ಹೆಚ್ಚು. ಆದರೆ ತೆರವಿನ ವೆಚ್ಚವನ್ನು ಅಪರಾಧಿಯೇ ಭರಿಸಬೇಕೆಂದು ಒಕ್ಕೂಟದ ನ್ಯಾಯಾಲಯಗಳು ಆದೇಶಿಸಿರುವ ಪ್ರಕರಣಗಳಿಗೆ ಇಂಥ ಲೆಕ್ಕವೇ ಆಧಾರ.

2022ರಲ್ಲಿ ಕ್ಯಾಲಿಫೋರ್ನಿಯಾ ತನ್ನ ಬೇಸಿಗೆಯ ಕಾರ್ಯಾಚರಣೆಯನ್ನು ವರ್ಷಪೂರ್ತಿ ನಡೆಯುವ ಕಾರ್ಯಪಡೆಯಾಗಿ ಬದಲಿಸಿತು. ಆ ನಿರ್ಧಾರ ಸರಿಯಾದದ್ದೇ, ಏಕೆಂದರೆ ತೆರವಾದ ತಾಣವನ್ನು ಮತ್ತೆ ನೋಡಬೇಕಾದ ಕಾಲ ಬೇಸಿಗೆಯಲ್ಲ, ಸಸಿ ನೆಡುವ ವಸಂತ. ಕನಿಷ್ಠ ಎರಡು ಮೂರು ವರ್ಷ, ಹಿಮ ಕರಗಿ ದಾರಿ ತೆರೆದ ಕೂಡಲೇ, ಅದೇ ಒರತೆಗೆ ಭೇಟಿ ಕೊಡಬೇಕು. ಅಲ್ಲಿ ಹೊಸ ಕೊಳವೆ ಕಂಡರೆ ಅದನ್ನು ಕೀಳಬಾರದು. ಹೆಜ್ಜೆಗುರುತು ಉಳಿಸದೆ ಹಿಂದಿರುಗಿ, ತನಿಖಾಧಿಕಾರಿಗೆ ಅಂದೇ ತಿಳಿಸಬೇಕು.