ಅಂಡಮಾನ್‌ನಲ್ಲಿ ಮಳೆ ಹಿಡ್ಕೊಂಡ್ರೆ ದಿನ ಹೆಂಗೆ ಕಳೆಯೋದು

ಅಂಡಮಾನ್‌ಗೆ ಹೋಗೋರು ಸಾಮಾನ್ಯವಾಗಿ ಏನ್ಮಾಡ್ತಾರೆ ಅಂದ್ರೆ ಫ್ಲೈಟ್ ಇಳಿದ ದಿನಾನೇ ಪೋರ್ಟ್ ಬ್ಲೇರ್‌ನಲ್ಲಿ (ಈಗಿನ ಹೆಸರು ಶ್ರೀ ವಿಜಯಪುರಂ) ಇರೋ ಜೈಲು, ಮ್ಯೂಸಿಯಂ ಎಲ್ಲ ಮುಗಿಸಿಬಿಡ್ತಾರೆ, ಆಮೇಲೆ ಬರೀ ಬೀಚು. ಮೂರನೇ ದಿನ ಧೋ ಅಂತ ಮಳೆ ಹಿಡ್ಕೊಂಡ್ರೆ ರೂಮಲ್ಲಿ ಕೂತು ರೀಲ್ಸ್ ನೋಡೋದೇ ಗತಿ. ಅದಕ್ಕೇ ನಾನು ಹೇಳೋದು, ಬಿಸಿಲಿದ್ದ ದಿನ ಜೈಲಿಗೆ ಹೋಗ್ಬೇಡಿ, ಸಮುದ್ರದ ಕಡೆ ಹೊರಡಿ. ಸೂರಿರೋ ಜಾಗಗಳನ್ನ ಮಳೆಗೆ ಅಂತ ಎತ್ತಿಟ್ಕೊಳ್ಳಿ.

ಮಳೆ ಬಂದೇ ಬರುತ್ತಾ ಅಂದ್ರೆ, ಬರೋ ಚಾನ್ಸು ಜಾಸ್ತಿನೇ. ಮುಂಗಾರು ನಮ್ಮೂರಿಗಿಂತ ಮೊದಲು ಅಲ್ಲಿಗೆ ಬರುತ್ತೆ, ಮೇ ಮೂರನೇ ವಾರಕ್ಕೆಲ್ಲ ಶುರು. ನಮ್ಮ ಜನ ದಸರಾ ರಜಕ್ಕೆ ಅಂತ ಹೊರಡ್ತಾರಲ್ಲ, ಆ ಅಕ್ಟೋಬರ್‌ನಲ್ಲೂ ಬಂಗಾಳ ಕೊಲ್ಲಿಯಲ್ಲಿ ಒಂದು ವಾಯುಭಾರ ಕುಸಿತ ಆದ್ರೆ ಸಾಕು, ಪ್ಲಾನ್ ಎಲ್ಲ ನೀರುಪಾಲು. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳೋ ಜಾಗ ಅದು. ಆಗುಂಬೆ ಕಡೆಯವರಿಗೆ ಇದೇನು ಮಹಾ ಅನ್ಸಬಹುದು ಬಿಡಿ, ಆದ್ರೆ ಆಗುಂಬೆಗೆ ಬೋಟಲ್ಲಿ ಹೋಗ್ಬೇಕಿಲ್ವಲ್ಲ.

ಬೆಳಿಗ್ಗೆ ಎದ್ದ ತಕ್ಷಣ ಟೈಮ್ ಲೆಕ್ಕ ಹಾಕಿ. ಅಲ್ಲಿ ಐದು ಗಂಟೆಗೆಲ್ಲ ಬೆಳಕು ಹರಿಯುತ್ತೆ, ಸಂಜೆ ಐದೂವರೆಗೆ ಕತ್ತಲು, ಮೋಡ ಇದ್ರೆ ಇನ್ನೂ ಬೇಗ. ಹತ್ತು ಗಂಟೆಗೆ ಎದ್ದು ತಿಂಡಿ ತಿಂದು ನಿಧಾನಕ್ಕೆ ಹೊರಡೋಣ ಅಂದ್ರೆ ಅರ್ಧ ದಿನ ಹೋಯ್ತು ಅಂತ್ಲೇ ಲೆಕ್ಕ. ಮ್ಯೂಸಿಯಂಗಳಿಗೆ ಹೆಚ್ಚಾಗಿ ಸೋಮವಾರ ರಜ, ಮಧ್ಯಾಹ್ನ ಊಟದ ಹೊತ್ತಲ್ಲಿ ಕೆಲವು ಕಡೆ ಬಾಗಿಲು ಹಾಕ್ತಾರೆ, ಹಿಂದಿನ ರಾತ್ರಿನೇ ಹೋಟೆಲ್‌ನೋರನ್ನ ಕೇಳಿಟ್ಕೊಳ್ಳಿ.

ಸೆಲ್ಯುಲಾರ್ ಜೈಲಿಗೆ ಕಮ್ಮಿ ಅಂದ್ರೂ ಎರಡು ಗಂಟೆ ಕೊಡಿ. ನಿಜ ಹೇಳ್ಬೇಕಂದ್ರೆ ಆ ಜಾಗಕ್ಕೆ ಮಳೆನೇ ಸರಿ, ಬಿಸಿಲಲ್ಲಿ ಎಲ್ರೂ ಸೆಲ್ಫಿ ತಗೊಂಡು ಓಡ್ತಿರ್ತಾರೆ. 1896ರಲ್ಲಿ ಕಟ್ಟೋಕೆ ಶುರು ಮಾಡಿ 1906ಕ್ಕೆ ಮುಗಿಸಿದ್ದು, ನಡುವೆ ಒಂದು ಗೋಪುರ, ಅದರಿಂದ ಏಳು ಕಡೆಗೆ ಚಾಚಿಕೊಂಡ ಮೂರಂತಸ್ತಿನ ಸಾಲುಗಳು, ಈಗ ಉಳಿದಿರೋದು ಮೂರೇ. ಒಂದು ಕೋಣೆ ಒಳಗೆ ಹೋಗಿ ಸುಮ್ನೆ ನಿಂತ್ಕೊಂಡು ನೋಡಿ. ಸುಮಾರು ಹದಿಮೂರೂವರೆ ಅಡಿ ಉದ್ದ, ಏಳು-ಏಳೂವರೆ ಅಡಿ ಅಗಲ, ಕೈಗೆಟುಕದ ಎತ್ತರದಲ್ಲಿ ಒಂದು ಪುಟ್ಟ ಕಿಂಡಿ ಅಷ್ಟೇ. ಬಾಗಿಲ ಕಡೆ ಬಂದ್ರೆ ಎದುರಿಗೆ ಕಾಣೋದು ಇನ್ನೊಂದು ಸಾಲಿನ ಬೆನ್ನು, ಹಂಗಾಗಿ ಒಬ್ಬ ಕೈದಿಗೆ ಇನ್ನೊಬ್ಬನ ಮುಖ ಕಾಣೋ ಹಂಗೇ ಇರ್ಲಿಲ್ಲ. ಚಿಲಕನೂ ಗೋಡೆಯೊಳಗೆ ದೂರಕ್ಕೆ ಕೂರಿಸಿದ್ದಾರೆ, ಒಳಗಿಂದ ಕೈ ಚಾಚಿದ್ರೂ ಸಿಗಲ್ಲ. ಕೆಳಗೆ ಅಂಗಳದಲ್ಲಿ ಗಾಣ ಇದೆ, ಎತ್ತು ಕಟ್ಟೋ ಜಾಗಕ್ಕೆ ಮನುಷ್ಯರನ್ನ ಕಟ್ಟಿ ಎಣ್ಣೆ ತೆಗೆಸ್ತಿದ್ರು. ಮಕ್ಕಳಿಗೆ ಮೊದಲೇ ಸ್ವಲ್ಪ ಕಥೆ ಹೇಳಿ ಕರ್ಕೊಂಡು ಹೋಗಿ, ಇಲ್ಲಾಂದ್ರೆ ಬೋರ್ ಅಂತ ರಚ್ಚೆ ಹಿಡೀತಾರೆ. ಸಂಜೆ ಲೈಟ್ ಅಂಡ್ ಸೌಂಡ್ ಶೋ ಬಯಲಲ್ಲಿ ನಡೆಯೋದು, ಜೋರು ಮಳೇಲಿ ಅದನ್ನ ನಂಬ್ಕೊಂಡು ಕೂರ್ಬೇಡಿ.

ಅಲ್ಲಿಂದ ಆಟೋ ಹಿಡ್ದು ಡೆಲಾನಿಪುರದ ಸಮುದ್ರಿಕಾ ಮ್ಯೂಸಿಯಂಗೆ ಹೋಗಿ, ನೌಕಾಪಡೆಯೋರು ನಡೆಸೋದು. ನಿಕೋಬಾರ್‌ನ ಕಾಮೋರ್ಟಾ ದ್ವೀಪದ ದಡಕ್ಕೆ ಬಂದು ಬಿದ್ದ ನೀಲಿ ತಿಮಿಂಗಿಲದ ಮರಿಯ ಅಸ್ಥಿಪಂಜರ ಅಲ್ಲಿದೆ, ಮರಿ ಅಂತ ಹೆಸರಿಗೆ ಮಾತ್ರ, ದವಡೆ ಮೂಳೆ ಪಕ್ಕ ನಿಂತ್ರೆ ಗೊತ್ತಾಗುತ್ತೆ. ಆಂತ್ರೊಪಾಲಜಿಕಲ್ ಮ್ಯೂಸಿಯಂನೂ ಬಿಡ್ಬೇಡಿ. ಜಾರವಾ, ಓಂಗೆ, ಶೋಂಪೆನ್ ಅನ್ನೋ ಅಲ್ಲಿನ ಬುಡಕಟ್ಟು ಜನರ ಬಿಲ್ಲುಬಾಣ, ದೋಣಿ, ಬುಟ್ಟಿ ಎಲ್ಲ ಇದೆ. ಜಾರವಾ ಕಾಡನ್ನ ಹಾದು ಹೋಗೋ ಬಾರಾಟಾಂಗ್ ರೋಡಲ್ಲಿ ಕಾರ್ ಗ್ಲಾಸಿಂದ ಜಾರವಾ ಜನರನ್ನ ಇಣುಕಿ ನೋಡೋ ಚಪಲಕ್ಕಿಂತ (ಫೋಟೋ ತೆಗೆದ್ರೆ ಕೇಸ್ ಬೀಳುತ್ತೆ, ಬೀಳ್ಲೇಬೇಕು) ಇಲ್ಲಿ ನೋಡಿ ತಿಳ್ಕೊಳ್ಳೋದು ಮರ್ಯಾದೆ.

ಟೈಮ್ ಉಳಿದ್ರೆ ಚಾಥಂ ಸಾ ಮಿಲ್. 1883ರಿಂದ ಇರೋ ಮರ ಕೊಯ್ಯೋ ಸರ್ಕಾರಿ ಮಿಲ್ಲು, ಸೇತುವೆ ದಾಟಿದ್ರೆ ಸಿಗುತ್ತೆ. ಪಡಾಕ್ ಅಂತ ಕೆಂಪು ಮರ, ಎರಡನೇ ಮಹಾಯುದ್ಧದ ಬಾಂಬ್ ಬಿದ್ದ ಗುಂಡಿ, ಅದರ ತುಂಬ ಮಳೆ ನೀರು. ನೆಲ ಜಾರುತ್ತೆ, ವಯಸ್ಸಾದವರಿದ್ರೆ ಹುಷಾರು.

ಊಟದ ಚಿಂತೆ ಬೇಡ, ಅಬರ್ಡೀನ್ ಬಜಾರಲ್ಲಿ ಇಡ್ಲಿ ದೋಸೆ ಧಾರಾಳವಾಗಿ ಸಿಗುತ್ತೆ, ಮೀನು ತಿನ್ನೋರಿಗಂತೂ ಹಬ್ಬ. ಶಾಪಿಂಗ್‌ಗೆ ಸಾಗರಿಕಾ ಎಂಪೋರಿಯಂ ಇದೆ, ಚಿಪ್ಪಿನ ಸಾಮಾನು ತಗೊಂಡ್ರೆ ಬಿಲ್ ಜೋಪಾನ. ಬೀಚಿಂದ ಹವಳ ಎತ್ಕೊಂಡು ಬಂದ್ರೆ ಏರ್‌ಪೋರ್ಟ್ ಚೆಕಿಂಗಲ್ಲಿ ಸಿಕ್ಕಾಕೊಳ್ತೀರ.

ಹ್ಯಾವ್‌ಲಾಕ್‌ನಲ್ಲಿ, ಅಂದ್ರೆ ಈಗಿನ ಸ್ವರಾಜ್ ದ್ವೀಪದಲ್ಲಿ, ಇದ್ದಾಗ ಮಳೆ ಬಂದ್ರೆ ಕಥೆ ಬೇರೆ. ಅಲ್ಲಿ ಸೂರಿನ ಕೆಳಗೆ ನೋಡೋ ಅಂಥದ್ದು ಏನೂ ಇಲ್ಲ ಅಂತ್ಲೇ ಹೇಳ್ಬೇಕು. ಜಿಟಿಜಿಟಿ ಮಳೆ, ಗಾಳಿ ಇಲ್ಲ ಅಂದ್ರೆ ಸ್ಕೂಬಾ ಮಾಡಬಹುದು, ಹೆಂಗಿದ್ರೂ ಒದ್ದೆ ಆಗೋದೇ ತಾನೇ, ನೀರಿನೊಳಗೆ ಮಬ್ಬಿರುತ್ತೆ ಅಷ್ಟೇ. ಬೇಡ ಅಂತ ಡೈವ್ ಶಾಪ್‌ನೋರು ಹೇಳಿದ್ರೆ ಮಾತ್ರ ವಾದ ಮಾಡ್ಬೇಡಿ. ರಾಧಾನಗರ ಬೀಚಲ್ಲಿ ಕೆಂಪು ಬಾವುಟ ಇದ್ರೆ ಮರಳಲ್ಲಿ ನಡೀರಿ, ನೀರಿಗೆ ಇಳೀಬೇಡಿ. ಮೊಸಳೆ ಬೋರ್ಡ್ ಹಾಕಿರೋ ಕಡೆ ಬಿಸಿಲಿದ್ರೂ ಇಳೀಬೇಡಿ.

ಗಾಳಿ ಎದ್ರೆ ಬೋಟ್ ನಿಲ್ಲುತ್ತೆ, ಸರ್ಕಾರಿದೂ ಅಷ್ಟೇ, ಪ್ರೈವೇಟೂ ಅಷ್ಟೇ. ಹವಾಮಾನ ಇಲಾಖೆ ಮೀನುಗಾರರಿಗೆ ಎಚ್ಚರಿಕೆ ಕೊಟ್ಟಿದೆ ಅಂತ ಗೊತ್ತಾದ್ರೆ ಇನ್ನೊಂದಿನ ನೋಡೋಣ ಅನ್ನದೆ ಸಿಕ್ಕ ಬೋಟಲ್ಲಿ ಪೋರ್ಟ್ ಬ್ಲೇರ್‌ಗೆ ವಾಪಸ್ ಬಂದ್ಬಿಡಿ. ವಾಪಸ್ ಫ್ಲೈಟಿನ ಹಿಂದಿನ ರಾತ್ರಿ ಮಳೆಗಾಲದಲ್ಲಿ ಯಾವ ಕಾರಣಕ್ಕೂ ಹ್ಯಾವ್‌ಲಾಕ್‌ನಲ್ಲೋ ನೀಲ್ ದ್ವೀಪದಲ್ಲೋ ಉಳ್ಕೋಬೇಡಿ, ಬೋಟ್ ಕ್ಯಾನ್ಸಲ್ ಆಯ್ತು ಅಂತ ಫ್ಲೈಟ್ ನಿಮಗೋಸ್ಕರ ಕಾಯಲ್ಲ.